27 ಇಂಚಿನ ಮಾನಿಟರ್ ಕೊಳ್ಳುವ ಮುನ್ನ: ಶಿರಸಿಯ ಗೆಳೆಯರಿಗೆ ಉತ್ತರ

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ರೈಜನ್ 5 5600 ಪ್ರೊಸೆಸರ್, ಎನ್‌ವಿಡಿಯಾದ 12 ಜಿಬಿಯ ಆರ್‌ಟಿಎಕ್ಸ್ 3060 ಗ್ರಾಫಿಕ್ಸ್ ಕಾರ್ಡ್ (ಆಟದ ಚಿತ್ರ ಬಿಡಿಸುವ ಭಾಗ) ಹಾಕಿ ನೀವೇ ಕೂತು ಜೋಡಿಸಿದ ಕಂಪ್ಯೂಟರ್, ಆದರೆ ಮುಂದಿರುವುದು ಇನ್ನೂ ಹಳೆಯ 60 ಹರ್ಟ್ಸ್ ಪರದೆ, ಅಂದರೆ ಸೆಕೆಂಡಿಗೆ 60 ಸಲ ಚಿತ್ರ ಬದಲಿಸುವಂಥದ್ದು. ಇಪ್ಪತ್ತು ಸಾವಿರದೊಳಗೆ ಮೂರನ್ನು ಆರಿಸಿಟ್ಟಿದ್ದೀರಿ: ಮೊದಲನೆಯದು 24 ಇಂಚಿನ 1080ಪಿ, 180 ಹರ್ಟ್ಸ್; ಎರಡನೆಯದು 27 ಇಂಚಿನ ಬಾಗಿದ ವಿಎ ಪರದೆ, 1080ಪಿ, 240 ಹರ್ಟ್ಸ್; ಮೂರನೆಯದು 27 ಇಂಚಿನ ಐಪಿಎಸ್, 1440ಪಿ, 165 ಹರ್ಟ್ಸ್. (ವಿಎ, ಐಪಿಎಸ್ ಎಂದರೆ ಪರದೆಯ ಪ್ಯಾನೆಲ್‌ನ ಎರಡು ಬಗೆ; 1080ಪಿ, 1440ಪಿ ಎಂದರೆ ಮೇಲಿಂದ ಕೆಳಗೆ ಎಷ್ಟು ಸಾಲು ಚುಕ್ಕೆಗಳಿವೆ ಎಂಬ ಲೆಕ್ಕ.) ಸಂಜೆ ವ್ಯಾಲೊರಂಟ್ ಆಟ, ರಜೆಯ ದಿನ ರೆಡ್ ಡೆಡ್ ರಿಡೆಂಪ್ಷನ್ 2 ಆಟ, ಹಗಲೆಲ್ಲ ಕನ್ನಡ ಪುಸ್ತಕಗಳ ಕರಡು ತಿದ್ದುವ ಕೆಲಸ. ಇವೆಲ್ಲವೂ ಈ ಒಂದೇ ಪರದೆಯಲ್ಲಿ ಆಗಬೇಕು ಎಂದಿದ್ದೀರಿ.

ನನ್ನ ಉತ್ತರ ಮೂರನೆಯದು. ಮೇಜು ಚಿಕ್ಕದಾಗಿದ್ದರೆ ಮೊದಲನೆಯದು. ಎರಡನೆಯದನ್ನು ದಯವಿಟ್ಟು ತರಬೇಡಿ.

ಗುಂಪಿನಲ್ಲಿ ಹಲವರು 240 ಹರ್ಟ್ಸ್ ಎಂಬ ಸಂಖ್ಯೆ ನೋಡಿ ಎರಡನೆಯದಕ್ಕೇ ಮತ ಹಾಕಿದ್ದಾರೆ. ಅಂಥದ್ದೇ ಪರದೆಯನ್ನು ನಾನು ಎರಡು ವರ್ಷ ಬಳಸಿದ್ದೇನೆ, ಆದ್ದರಿಂದ ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. 1080ಪಿ ಎಂದರೆ 1920×1080, ಸುಮಾರು 20.7 ಲಕ್ಷ ಪಿಕ್ಸೆಲ್, ಅಂದರೆ ಚಿತ್ರದ ಚುಕ್ಕೆಗಳು. ಅಷ್ಟನ್ನು 24 ಇಂಚಿನಲ್ಲಿ (ಮೂಲೆಯಿಂದ ಮೂಲೆಗೆ ಅಳೆದದ್ದು) ಹರಡಿದರೆ ಒಂದು ಇಂಚಿಗೆ ಸುಮಾರು 92 ಪಿಕ್ಸೆಲ್ ಬರುತ್ತವೆ. 27 ಇಂಚಿಗೆ ಎಳೆದರೆ 82ಕ್ಕೆ ಇಳಿಯುತ್ತದೆ. ಅದೇ 27 ಇಂಚಿನಲ್ಲಿ 1440ಪಿ ಇದ್ದರೆ 109 ಸಿಗುತ್ತದೆ. ಆಟದ ಓಟದಲ್ಲಿ ಈ ವ್ಯತ್ಯಾಸವನ್ನು ಮರೆಯಬಹುದು, ಕನ್ನಡ ಓದುವಾಗ ಸಾಧ್ಯವೇ ಇಲ್ಲ. ನಮ್ಮ ಲಿಪಿಯಲ್ಲಿ ಸಾಲಿನ ಮೇಲೆ ಗುಣಿತದ ಗುಡಿಸು, ಕೆಳಗೆ ಒತ್ತು, ಕೆಲವೊಮ್ಮೆ ಒತ್ತಿನ ಪಕ್ಕ ಇನ್ನೊಂದು ಒತ್ತು. ‘ಸ್ವಾತಂತ್ರ್ಯ’ ಎಂಬ ಪದವನ್ನು 11 ಪಾಯಿಂಟ್ ಗಾತ್ರದ ಅಕ್ಷರದಲ್ಲಿ ಬರೆದು ನೋಡಿ. ಕೊನೆಯ ಅಕ್ಷರದ ಕಾಲಬುಡದಲ್ಲಿ ಎಷ್ಟು ಗೆರೆಗಳು ಒತ್ತೊತ್ತಾಗಿ ನಿಲ್ಲಬೇಕು! ಇನ್ನೂ ಕಷ್ಟದ್ದು ‘ಅರ್ಥ’ ಮತ್ತು ‘ಅರ್ಧ’. ಇವೆರಡರ ನಡುವೆ ಇರುವುದು ‘ಥ’ ಅಕ್ಷರದ ಹೊಟ್ಟೆಯೊಳಗಿನ ಒಂದೇ ಒಂದು ಚುಕ್ಕೆ. ನನ್ನ ಹಳೆಯ ಪರದೆಯಲ್ಲಿ ಆ ಚುಕ್ಕೆ ಬೂದು ಕಲೆಯಾಗಿ ಕಾಣುತ್ತಿತ್ತು. ‘ಕೃ’ ಇದೆಯೋ ‘ಕ್ರ’ ಇದೆಯೋ ಎಂದು ತಿಳಿಯಲು ಪದೇ ಪದೇ ದೊಡ್ಡದು ಮಾಡಿ ನೋಡಬೇಕಾಗುತ್ತಿತ್ತು. ಕರಡು ತಿದ್ದುವವರ ಕಣ್ಣಿಗೆ ಈ ಹಿಂಸೆ ಬೇಡ.

ಅಂಗಡಿಗೆ ಹೋಗಿ ಕೊಳ್ಳುವುದಾದರೆ, ಅದು ಹುಬ್ಬಳ್ಳಿಯಾಗಲಿ, ಬೆಂಗಳೂರಿನ ಎಸ್.ಪಿ. ರಸ್ತೆಯಾಗಲಿ, ಪೆನ್ ಡ್ರೈವ್‌ನಲ್ಲಿ ನಿಮ್ಮದೇ ಒಂದು ಕರಡಿನ ಪುಟ ಹಾಕಿಕೊಂಡು ಹೋಗಿ. ಅಂಗಡಿಯವರು ಹಾಕುವ ನೀರು ಬೀಳುವ, ಹಕ್ಕಿ ಹಾರುವ ವಿಡಿಯೊ ಎಲ್ಲ ಪರದೆಯಲ್ಲೂ ಚೆನ್ನಾಗಿಯೇ ಕಾಣುತ್ತದೆ. ನಿಮ್ಮ ಪುಟ ತೆರೆದು, ಮನೆಯಲ್ಲಿ ಕೂರುವಷ್ಟೇ ದೂರದಲ್ಲಿ ಕೂತು ಐದು ನಿಮಿಷ ಓದಿ.

ಈಗ ಕಾರ್ಡಿನ ವಿಚಾರ. 1440ಪಿ ಎಂದರೆ ಸುಮಾರು 36.9 ಲಕ್ಷ ಪಿಕ್ಸೆಲ್, 1080ಪಿಯ ಒಂದೂಮುಕ್ಕಾಲು ಪಟ್ಟು ಹೊರೆ. 3060 ಇದನ್ನು ಹೊರುತ್ತದೆಯೇ ಎಂಬ ನಿಮ್ಮ ಅಳುಕು ಸರಿಯಾದದ್ದೇ. ವ್ಯಾಲೊರಂಟ್ ಹಗುರವಾದ ಆಟ, ಅದಕ್ಕೆ ಚಿಂತೆಯೇ ಬೇಡ. ರೆಡ್ ಡೆಡ್ ನಿಜಕ್ಕೂ ಭಾರ. ಅದರಲ್ಲಿ ಎಲ್ಲವನ್ನೂ ಅತಿ ಹೆಚ್ಚಿನ ‘ಅಲ್ಟ್ರಾ’ ಮಟ್ಟಕ್ಕೆ ಏರಿಸಿ ಕೂರಬೇಡಿ. ನೀರು, ನೆರಳು, ದೂರದ ಮಂಜು ಇವನ್ನು ಒಂದೊಂದು ಮೆಟ್ಟಿಲು ಇಳಿಸಿ ಡಿಎಲ್‌ಎಸ್‌ಎಸ್ ಎಂಬ ಎನ್‌ವಿಡಿಯಾ ಸೌಲಭ್ಯವನ್ನು ‘ಕ್ವಾಲಿಟಿ’ಯಲ್ಲಿಡಿ. ಆಗ ಕಾರ್ಡ್ ಒಳಗೆ ಬಿಡಿಸುವುದು ಸುಮಾರು 1707×960ರ ಚಿತ್ರವನ್ನು. ಅದನ್ನು ಹಿಗ್ಗಿಸಿ 1440ಕ್ಕೆ ತುಂಬಿಸುವ ಕೆಲಸ ಡಿಎಲ್‌ಎಸ್‌ಎಸ್‌ನದು. ಆದರೆ 1440ರ ಪರದೆ ತಂದು ಆಟವನ್ನು 1080ಪಿಯಲ್ಲೇ ನಡೆಸುತ್ತೇನೆ ಎಂದುಕೊಳ್ಳಬೇಡಿ. ಒಂದು ಪಿಕ್ಸೆಲ್ ಅಗಲಕ್ಕೂ ಎತ್ತರಕ್ಕೂ ಒಂದೂ ಕಾಲು ಪಟ್ಟಿಗಿಂತ ತುಸು ಹೆಚ್ಚು ಹಿಗ್ಗಬೇಕಾಗಿ ಬಂದು ಅಂಚುಗಳೆಲ್ಲ ಮಸುಕಾಗುತ್ತವೆ.

ಹರ್ಟ್ಸ್ ಬಗ್ಗೆಯೂ ಲೆಕ್ಕ ಹಾಕಿ. 60 ಹರ್ಟ್ಸ್‌ನಲ್ಲಿ ಒಂದು ಚಿತ್ರ 16.7 ಮಿಲಿಸೆಕೆಂಡ್ ನಿಲ್ಲುತ್ತದೆ, 165ರಲ್ಲಿ ಸುಮಾರು 6.1, 240ರಲ್ಲಿ 4.2. ನೀವು 60ರಿಂದ 165ಕ್ಕೆ ಹೋದಾಗ ಉಳಿಯುವುದು ಹತ್ತಕ್ಕಿಂತ ಹೆಚ್ಚು ಮಿಲಿಸೆಕೆಂಡ್. ಅಲ್ಲಿಂದ 240ಕ್ಕೆ ಏರಿದರೆ ಉಳಿಯುವುದು ಎರಡೇ. ಮೊದಲ ಜಿಗಿತ ಮೌಸಿನ ಬಾಣವನ್ನು ಪರದೆಯ ಮೇಲೆ ಗಿರಗಿರನೆ ಸುತ್ತಿಸಿದರೇ ಗೊತ್ತಾಗುತ್ತದೆ: 60ರಲ್ಲಿ ಬಾಣ ಬಿಡಿಬಿಡಿಯಾಗಿ ಹಾರುತ್ತದೆ, 165ರಲ್ಲಿ ಒಂದರ ಬಾಲಕ್ಕೆ ಒಂದು ಅಂಟಿಕೊಂಡಂತೆ ಸರಿಯುತ್ತದೆ. ಟೂರ್ನಮೆಂಟ್ ಆಡುವವರಾದರೆ ಎರಡನೆಯ ಜಿಗಿತಕ್ಕೂ ಬೆಲೆ ಇದೆ. ನೀವು ಗೆಳೆಯರ ಜೊತೆ ಸಂಜೆ ಆಡುವವರು.

ಪ್ಯಾನೆಲ್ ವಿಚಾರಕ್ಕೆ ಬಂದರೆ, ವಿಎ ಪರದೆಯಲ್ಲಿ ಕಪ್ಪು ನಿಜಕ್ಕೂ ಕಪ್ಪಾಗಿರುತ್ತದೆ. ಕಾಂಟ್ರಾಸ್ಟ್ (ಬಿಳಿಗೂ ಕಪ್ಪಿಗೂ ಇರುವ ಬೆಳಕಿನ ಅನುಪಾತ) ಸಾಮಾನ್ಯವಾಗಿ 3000ಕ್ಕೆ 1ರ ಆಸುಪಾಸು. ಐಪಿಎಸ್‌ನಲ್ಲಿ 1000ಕ್ಕೆ 1. ಕತ್ತಲ ಕೋಣೆಯಲ್ಲಿ ಸಿನಿಮಾ ನೋಡಲು ನಾನು ವಿಎಯನ್ನೇ ಇಷ್ಟಪಡುತ್ತೇನೆ. ಆದರೆ ಕಡಿಮೆ ಬೆಲೆಯ ವಿಎ ಪರದೆಗಳಲ್ಲಿ ಕಪ್ಪಿನಿಂದ ಬೂದು ಬಣ್ಣಕ್ಕೆ ಬದಲಾಗುವುದು ನಿಧಾನ. ರಾತ್ರಿಯ ದೃಶ್ಯದಲ್ಲಿ ಕುದುರೆ ತಿರುಗಿಸಿದರೆ ಮರಗಳ ಹಿಂದೆ ಮಸಿ ಒರೆಸಿದಂಥ ಗೆರೆ ಎಳೆಯುತ್ತದೆ. 240 ಹರ್ಟ್ಸ್ ಇದ್ದರೂ ಪಿಕ್ಸೆಲ್ ಅಷ್ಟು ಬೇಗ ಬದಲಾಗದಿದ್ದರೆ ಆ ಸಂಖ್ಯೆಯಿಂದ ಏನು ಪ್ರಯೋಜನ? ಡಬ್ಬಿಯ ಮೇಲೆ ‘1 ಎಂಎಸ್’ ಎಂದಿದ್ದರೆ ಅದರ ಮುಂದೆ ಜಿಟಿಜಿ (ಪಿಕ್ಸೆಲ್ ಬಣ್ಣ ಬದಲಿಸಲು ಹಿಡಿಯುವ ಸಮಯ) ಎಂದಿದೆಯೋ ಎಂಪಿಆರ್‌ಟಿ (ಚಲಿಸುವ ಚಿತ್ರ ಕಣ್ಣಿಗೆ ಎಷ್ಟು ಮಸುಕು ಎಂಬ ಅಳತೆ) ಎಂದಿದೆಯೋ ನೋಡಿ. ಎಂಪಿಆರ್‌ಟಿ ಎಂದಿದ್ದರೆ ಅದು ಹಿಂಬೆಳಕನ್ನು ಮಿಟುಕಿಸಿ ಪಡೆದ ಅಂಕಿ. ಆ ಸೌಲಭ್ಯ ಹಾಕಿದರೆ ಬೆಳಕು ಇಳಿಯುತ್ತದೆ.

ಬಾಗುವಿಕೆ 27 ಇಂಚಿನಲ್ಲಿ ದೊಡ್ಡ ಲಾಭವೇನೂ ಕೊಡುವುದಿಲ್ಲ. ಬೆಳಕು-ಕತ್ತಲಿನ ಅಂತರ ಹೆಚ್ಚು ತೋರಿಸುತ್ತೇನೆ ಎನ್ನುವ ಎಚ್‌ಡಿಆರ್ 400 ಎಂಬ ಮುದ್ರೆಗೆ ಒಂದು ರೂಪಾಯಿಯನ್ನೂ ಹೆಚ್ಚು ಕೊಡಬೇಡಿ. ಪ್ರತಿ ಪಿಕ್ಸೆಲ್ ತಾನೇ ಬೆಳಗುವ ಒಎಲ್‌ಇಡಿ ಪರದೆ ನಿಮ್ಮ ಬಜೆಟ್‌ಗೆ ನಿಲುಕುವುದಿಲ್ಲ. ನಿಲುಕಿದರೂ ದಿನವಿಡೀ ಒಂದೇ ಬಿಳಿ ಪುಟ, ಒಂದೇ ಟಾಸ್ಕ್‌ಬಾರ್ ನಿಲ್ಲುವ ಕೆಲಸಕ್ಕೆ ಅಚ್ಚು ಉಳಿಯುವ ಭಯವಿದೆ.

ಕಾರ್ಡಿನ ವೇಗಕ್ಕೆ ಪರದೆಯ ವೇಗವನ್ನು ಹೊಂದಿಸುವ ಎನ್‌ವಿಡಿಯಾದ ಜಿ-ಸಿಂಕ್ ಮುದ್ರೆಯೇ ಬೇಕೇ ಎಂದು ಕೇಳಿದ್ದೀರಿ. ಬೇಕಿಲ್ಲ. 2019ರ ಜನವರಿಯಿಂದ ಎನ್‌ವಿಡಿಯಾ ಕಾರ್ಡುಗಳು ಡಿಸ್‌ಪ್ಲೇಪೋರ್ಟ್ ಕೇಬಲ್ ಮೂಲಕ, ಅದೇ ಕೆಲಸ ಮಾಡುವ ಎಎಂಡಿಯ ಫ್ರೀಸಿಂಕ್ ಪರದೆಗಳ ಜೊತೆಗೂ ಹೊಂದಿಕೊಳ್ಳುತ್ತವೆ. ರೆಡ್ ಡೆಡ್‌ನಂಥ ಆಟದಲ್ಲಿ ಫ್ರೇಮ್ (ಸೆಕೆಂಡಿಗೆ ಕಾರ್ಡ್ ಬಿಡಿಸುವ ಚಿತ್ರಗಳು) 55ಕ್ಕೂ 75ಕ್ಕೂ ನಡುವೆ ತೂಗಾಡುವಾಗ ಚಿತ್ರ ಅಡ್ಡಕ್ಕೆ ಸೀಳದಂತೆ ಕಾಯುವುದು ಇದೇ. ಆದ್ದರಿಂದ ಮಾನಿಟರಿನ ಮೆನುವಿನಲ್ಲೂ ಎನ್‌ವಿಡಿಯಾ ಕಂಟ್ರೋಲ್ ಪ್ಯಾನೆಲ್‌ನಲ್ಲೂ ಎರಡೂ ಕಡೆ ಇದನ್ನು ಆನ್ ಮಾಡಬೇಕು.

ತಂದ ದಿನ ಮಾಡಬೇಕಾದ್ದು ಇನ್ನೂ ಇದೆ. ಡಬ್ಬಿ ಬಿಚ್ಚುವುದನ್ನು ಮೊದಲಿಂದ ಕೊನೆಯವರೆಗೆ ಮೊಬೈಲಿನಲ್ಲಿ ಚಿತ್ರೀಕರಿಸಿ. ಕೇಬಲ್ಲನ್ನು ಗ್ರಾಫಿಕ್ಸ್ ಕಾರ್ಡಿನ ಡಿಸ್‌ಪ್ಲೇಪೋರ್ಟ್‌ಗೇ ಹಾಕಿ. ನಿಮ್ಮ 5600ರಲ್ಲಿ ಒಳಗೇ ಗ್ರಾಫಿಕ್ಸ್ ಇಲ್ಲ, ಹಾಗಾಗಿ ಮದರ್‌ಬೋರ್ಡಿನ ಕಿಂಡಿಗೆ ಹಾಕಿದರೆ ಪರದೆ ಕಪ್ಪಗೇ ಇರುತ್ತದೆ. ಮಾನಿಟರ್ ಕೆಟ್ಟಿದೆ ಎಂದು ಗಾಬರಿಯಾಗಬೇಡಿ. ಆಮೇಲೆ ವಿಂಡೋಸ್‌ನಲ್ಲಿ ಸೆಟ್ಟಿಂಗ್ಸ್, ಸಿಸ್ಟಮ್, ಡಿಸ್‌ಪ್ಲೇ, ಅಡ್ವಾನ್ಸ್ಡ್ ಡಿಸ್‌ಪ್ಲೇ ತೆರೆದು 165 ಎಂದು ನೀವೇ ಆರಿಸಿ. ಎಷ್ಟೋ ಸಲ ಅದು 60ರಲ್ಲೇ ಕೂತಿರುತ್ತದೆ. ನನ್ನ ಚಿಕ್ಕಪ್ಪನ ಮಗ ಏಳು ತಿಂಗಳು ಹಾಗೆಯೇ ಆಡಿದ್ದ. ಹೊಸ ಮಾನಿಟರಿನಿಂದ ಏನೂ ಬದಲಾಗಲಿಲ್ಲ ಎಂದು ಬೇಸರಪಟ್ಟುಕೊಂಡಿದ್ದ. ನಂತರ ಕಪ್ಪು, ಬಿಳಿ, ಕೆಂಪು, ಹಸಿರು, ನೀಲಿ ಚಿತ್ರಗಳನ್ನು ಒಂದೊಂದಾಗಿ ಪೂರ್ತಿ ಪರದೆಗೆ ಹಾಕಿ ಸತ್ತ ಪಿಕ್ಸೆಲ್ ಹುಡುಕಿ. ಕಪ್ಪು ಪರದೆಯ ಮೂಲೆಯಲ್ಲಿ ತುಸು ಹೊಳಪು ಕಂಡರೆ ಅದು ಐಪಿಎಸ್‌ನ ಸ್ವಭಾವ. ಮೊಬೈಲ್ ಕ್ಯಾಮೆರಾ ಅದನ್ನು ಇರುವುದಕ್ಕಿಂತ ದೊಡ್ಡದು ಮಾಡಿ ತೋರಿಸುತ್ತದೆ, ಬರಿಗಣ್ಣಿನಿಂದ ನೋಡಿ ತೀರ್ಮಾನಿಸಿ.

ಹಣ ಕೊಡುವ ಮೊದಲೇ ವಾರಂಟಿಯ ಬಗ್ಗೆ ವಿಚಾರಿಸಿ. ಮೂರು ವರ್ಷ ಎಂದು ಬರೆದಿದ್ದರೂ ರಿಪೇರಿಯವರು ಶಿರಸಿಗೆ ಬರುತ್ತಾರೆಯೇ, ನೀವೇ ಹುಬ್ಬಳ್ಳಿಗೆ ಹೊತ್ತುಕೊಂಡು ಹೋಗಬೇಕೇ? ನಿಮ್ಮ ಪಿನ್ ಕೋಡ್ ಹೇಳಿ ಕೇಳಿ. ನಮ್ಮ ಮಲೆನಾಡಿನಲ್ಲಿ ಏಪ್ರಿಲ್, ಮೇ ತಿಂಗಳ ಸಿಡಿಲನ್ನು ಬೇರೆ ನೆನಪಿಡಬೇಕು. ಮೋಡ ಕವಿದಾಗ, ಗುಡುಗು ಶುರುವಾಗುವ ಮೊದಲೇ ಸ್ವಿಚ್ ಆರಿಸುವುದು ಸಾಲದು, ಪ್ಲಗ್ಗನ್ನೇ ಕೀಳಬೇಕು, ಇಂಟರ್ನೆಟ್ ಕೇಬಲ್ಲನ್ನೂ. ನನ್ನ ಮೊದಲ ಮಾನಿಟರ್ ಸುಟ್ಟದ್ದು ಸ್ವಿಚ್ ಆರಿಸಿದ್ದಾಗಲೇ. ಯುಪಿಎಸ್ ಇದ್ದರೆ ಮಾನಿಟರನ್ನೂ ಅದಕ್ಕೇ ಕೊಡಿ. ಕರೆಂಟ್ ಹೋದಾಗ ಪರದೆ ಕಪ್ಪಾದರೆ ಕರಡನ್ನು ಉಳಿಸುವುದು ಹೇಗೆ?

ಸ್ಟ್ಯಾಂಡ್ ಎತ್ತರ ಬದಲಾಯಿಸುವಂಥದ್ದಲ್ಲದಿದ್ದರೆ ಒಂದು ಹಲಸಿನ ಹಲಗೆ ಸಾಕು. ಪರದೆಯ ಮೇಲಂಚು ಕಣ್ಣಿನ ಮಟ್ಟಕ್ಕೆ ಬಂದರೆ ಕುತ್ತಿಗೆ ನೋಯುವುದಿಲ್ಲ. ಹಿಂಭಾಗದಲ್ಲಿ 75 ಅಥವಾ 100 ಮಿಲಿಮೀಟರಿನ ವೇಸಾ ತೂತುಗಳಿವೆಯೇ ಎಂದೂ ನೋಡಿಕೊಳ್ಳಿ, ಮುಂದೆ ಗೋಡೆಗೆ ಹಾಕುವ ಆಸೆ ಬರಬಹುದು.

27 ಇಂಚಿನ ಪರದೆ ಸುಮಾರು 60 ಸೆಂಟಿಮೀಟರ್ ಅಗಲವಿರುತ್ತದೆ. ಇವತ್ತು ಟೇಪ್ ಹಿಡಿದು, ನೀವು ಕೂತಾಗ ಕಣ್ಣಿನಿಂದ ಈಗಿನ ಪರದೆಗೆ ಎಷ್ಟು ದೂರವಿದೆ ಎಂದು ಅಳೆಯಿರಿ. 60 ಸೆಂಟಿಮೀಟರ್ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಧೈರ್ಯವಾಗಿ ಮೂರನೆಯದನ್ನು ತನ್ನಿ. 50ಕ್ಕಿಂತ ಕಡಿಮೆ ಬಂದರೆ ಎರಡೂ ತುದಿ ನೋಡಲು ತಲೆ ತಿರುಗಿಸಬೇಕಾಗುತ್ತದೆ, ಆಗ 24 ಇಂಚಿನದೇ ಸರಿ. ಅಳತೆಯನ್ನೂ, ಕಿಟಕಿ ಯಾವ ಕಡೆಗಿದೆ ಎಂಬುದನ್ನೂ ಇಲ್ಲೇ ಬರೆಯಿರಿ. ಪರದೆಯನ್ನು ಯಾವ ಗೋಡೆಗೆ ಇಡಬೇಕು ಎಂದು ಆಮೇಲೆ ಹೇಳುತ್ತೇನೆ.