ಮಲ್ಪೆಯಲ್ಲಿ ಎಲ್ಲರೂ 5ನೇ ಮೆಟ್ಟಿಲಿಗೇ ಬೆರಳಿಟ್ಟರೆ
ಸಮೀಕ್ಷೆಯಲ್ಲಿ 'ಸಮಾಜದಲ್ಲಿ ನಿಮ್ಮ ಸ್ಥಾನ ಎಲ್ಲಿ?' ಅಂತ ಏಣಿಯ ಚಿತ್ರ ತೋರಿಸಿದರೆ ಮೀನು ಮಾರುವ ಹೆಂಗಸರೆಲ್ಲ ತಾವು 5ನೇ ಮೆಟ್ಟಿಲು ಅಂತಾರೆ ಅಂದ್ರಲ್ಲ, ಬಹುಶಃ ನೀವು ಎಲ್ಲರ ಎದುರಿಗೆ ಕೇಳಿದ್ದೇ ಕಾರಣ. ಪಕ್ಕದ ಬುಟ್ಟಿಯವಳು ಕಿವಿ ಕೊಟ್ಟು ಕೂತಿರುವಾಗ ಯಾರು ತಾನೇ ಮೇಲಿನ ಮೆಟ್ಟಿಲು ತೋರಿಸುತ್ತಾರೆ? ಮೊದಲು ಹರಾಜಿನ ಗಡಿಬಿಡಿ ಮುಗಿಯಲಿ, ಒಬ್ಬೊಬ್ಬರನ್ನೇ ಕೇಳಿ, ತುಳುವಿನಲ್ಲೇ ಕೇಳಿ.

ಆಮೇಲೆ ಪ್ರಶ್ನೆ ನೋಡಿ. ಜನ ತಮ್ಮ ಸ್ಥಾನವನ್ನು ತಾವೇ ಗುರುತಿಸೋ ಈ ಚಿತ್ರಕ್ಕೆ ಮ್ಯಾಕ್‌ಆರ್ಥರ್ ಏಣಿ ಅಂತಾರೆ; ಅದಕ್ಕೆ 10 ಮೆಟ್ಟಿಲು, ಆದರೆ ರೂಪ ಎರಡು. ಒಂದರಲ್ಲಿ ದುಡ್ಡು, ಓದು, ಕೆಲಸ ನೋಡಿ ಇಡೀ ದೇಶದವರ ಜೊತೆ ಹೋಲಿಕೆ, ಇನ್ನೊಂದರಲ್ಲಿ ತಮ್ಮ ಸುತ್ತಲಿನವರ ಜೊತೆ. ಸುಮ್ನೆ 'ಬೇರೆಯವರಿಗಿಂತ' ಅಂದರೆ ಒಬ್ಬಳು ಬೋಟಿನ ಮಾಲೀಕರನ್ನು ನೆನೆಸುತ್ತಾಳೆ, ಇನ್ನೊಬ್ಬಳು ಸ್ವಂತ ಅಕ್ಕನನ್ನು. ಎರಡನ್ನೂ ಬೇರೆ ಬೇರೆ ಹಾಳೆಯಲ್ಲಿ ಕೇಳಿ, ಕೊನೆಗೆ 'ಯಾರನ್ನು ನೆನೆಸಿಕೊಂಡು ಹೇಳಿದ್ರಿ?' ಅಂತ ಸೇರಿಸಿ. ಆಗಲೂ 5 ಬಂದರೆ ತಿದ್ದೋಕೆ ಹೋಗಬೇಡಿ, ಹಾಗೇ ಬರೆದುಕೊಳ್ಳಿ.