ಜುಹು ಬೀಚಿನಲ್ಲಿ ನಿಂತರೆ ಸಮುದ್ರ ಚಪ್ಪಟೆಯಾಗೇ ಕಾಣುತ್ತದೆ. ಹಾಗಾದರೆ ಭೂಮಿ ಗುಂಡಗಿದೆ ಎನ್ನುವುದು ಹೇಗೆ?

ಚಪ್ಪಟೆ ಕಾಣುವುದು ನಿಜ. ಭೂಮಿಯ ಸುತ್ತಳತೆ ಸುಮಾರು 40,000 ಕಿ.ಮೀ. ಮರಳಿನ ಮೇಲೆ ನಿಂತವರಿಗೆ ನೀರು ಆಕಾಶ ಮುಟ್ಟುವ ಗೆರೆ ಇರುವುದು ಬರೀ 5 ಕಿ.ಮೀ. ಆಸುಪಾಸಿನಲ್ಲಿ. ಅಷ್ಟು ಚಿಕ್ಕ ತುಂಡಿನಲ್ಲಿ ಬಾಗು ಗೊತ್ತಾಗುವುದಿಲ್ಲ.

ಆದರೆ ಅಲ್ಲೇ ಬೈನಾಕ್ಯುಲರ್ ಹಿಡಿದು ದೂರ ಸಾಗುವ ಹಡಗನ್ನು ನೋಡಿ. ಮೊದಲು ಕೆಳಭಾಗ ಮರೆಯಾಗುತ್ತದೆ, ಕೊನೆಗೆ ತುದಿ. ಝೂಮ್ ಮಾಡಿದರೆ ಹಡಗು ವಾಪಸ್ ಬರುತ್ತದೆ ಎನ್ನುವ ವೀಡಿಯೊಗಳಿವೆ, ಅಲ್ವಾ? ಅವು ಇನ್ನೂ ಗೆರೆ ದಾಟದ ಹಡಗುಗಳು. ದೂರ ಜಾಸ್ತಿಯಾಗಿ ಚಿಕ್ಕದಾಗಿದ್ದವು, ಅಷ್ಟೆ. ಗೆರೆಯಾಚೆ ಮುಳುಗಿದ ಭಾಗವನ್ನು ಯಾವ ಝೂಮ್ ಕೂಡ ತರುವುದಿಲ್ಲ. ತರುವುದು ಎತ್ತರ. 60 ಮೀಟರ್ ಎತ್ತರದ ಮಹಡಿ ಹತ್ತಿದರೆ ಗೆರೆ ಸುಮಾರು 28 ಕಿ.ಮೀ. ದೂರಕ್ಕೆ ಸರಿಯುತ್ತದೆ, ಹಡಗಿನ ಕೆಳಭಾಗ ಮತ್ತೆ ಕಾಣಬಹುದು. ನೀರು ಚಪ್ಪಟೆಯಾಗಿದ್ದರೆ ಹೀಗಾಗಲು ಕಾರಣವೇ ಇಲ್ಲ. ನನ್ನ ಮಟ್ಟಿಗೆ ಇದೇ ಗಟ್ಟಿ ಸಾಕ್ಷಿ, ಯಾರ ಮಾತನ್ನೂ ಸುಮ್ನೆ ನಂಬಬೇಕಿಲ್ಲ.

ನಮ್ಮಂಥ ಮುಂಬೈ ಕನ್ನಡಿಗರಿಗೆ ಇನ್ನೊಂದು ದಾರಿಯೂ ಇದೆ. ರಜೆಯಲ್ಲಿ ಮಂಗಳೂರಿಗೆ ಹೋದಾಗ ಧ್ರುವ ನಕ್ಷತ್ರ ನೋಡಿ. ಇಲ್ಲಿ ಸುಮಾರು 19 ಡಿಗ್ರಿ ಎತ್ತರದಲ್ಲಿರುವುದು ಅಲ್ಲಿ 13ಕ್ಕೆ ಇಳಿದಿರುತ್ತದೆ. ಸಮಭಾಜಕ ದಾಟಿ ಇನ್ನೂ ದಕ್ಷಿಣಕ್ಕೆ ಹೋದರೆ ಕಾಣುವುದೇ ಇಲ್ಲ, ಭೂಮಿಯ ಬಾಗು ಅದನ್ನು ಮರೆಮಾಡುತ್ತದೆ.