ಒಂದೇ ಅಚ್ಚು, ಎರಡು ಸ್ವಭಾವ

ಬೆಟಗೇರಿಯಿಂದ ಓದುಗರೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಮನೆಯಲ್ಲೇ ಎರಡು ಪವರ್‌ಲೂಮ್ ಇಟ್ಟುಕೊಂಡು ಸೀರೆ ನೇಯುವವರು. ನಮ್ಮ ಪತ್ರಿಕೆಯ ಕಳೆದ ಸಂಚಿಕೆಯ ಅವಳಿ ಆಂಡ್ರಾಯ್ಡ್ (ಮನುಷ್ಯರೂಪದ ಯಂತ್ರ) ಕಥೆ ಅವರಿಗೆ ಹಿಡಿಸಿಲ್ಲ. "ಒಂದ ಅಚ್ಚಿನ್ಯಾಗ ತಗದ ಎರಡು ಗೊಂಬಿಗೆ ಎರಡು ನಮೂನಿ ಸ್ವಭಾವ ಹ್ಯಾಂಗ ಬರತೈತ್ರಿ? ಬುದ್ಧಿ ಒಂದ, ಶಕ್ತಿ ಒಂದ. ಕಥಿ ಮುಂದ ಹೋಗಲಿ ಅಂತ ಬರದಿದ್ದು, ಹೌದಲ್ರಿ?" ಎಂದು ಕೇಳಿದ್ದಾರೆ. ಯಂತ್ರಕ್ಕೂ ಮನಸ್ಸಿದೆ ಎಂದು ಮಕ್ಕಳು ನಂಬಿಬಿಟ್ಟರೆ ಏನು ಗತಿ ಎಂಬ ಚಿಂತೆಯೂ ಅವರಿಗಿದೆ.

ಮಾನ್ಯರೇ, ನಮಸ್ಕಾರ.

ಕಥೆ ಓದದವರಿಗಾಗಿ ಎರಡು ಮಾತು. ಒಂದೇ ಪ್ರಯೋಗಾಲಯದಲ್ಲಿ ತಯಾರಾದ ಇಬ್ಬರು ಯಂತ್ರಕನ್ಯೆಯರು ಗುಪ್ತಚರ ಕೆಲಸಕ್ಕೆ ಹೋಗುತ್ತಾರೆ. ತುಂಬಿದ ಲಾರಿಯನ್ನು ಎತ್ತಬಲ್ಲರು, ಕತ್ತಲಲ್ಲಿ ಓದಬಲ್ಲರು. ಒಬ್ಬಳನ್ನು ವೃದ್ಧ ಸಾಕ್ಷಿಯೊಬ್ಬರ ಕಾವಲಿಗೆ ಎಂಟು ತಿಂಗಳು ಕೂರಿಸುತ್ತಾರೆ. ಇನ್ನೊಬ್ಬಳನ್ನು ಗಡಿಯ ಕಳ್ಳಸಾಗಣೆ ಜಾಲದೊಳಗೆ ಬಿಡುತ್ತಾರೆ. ಮತ್ತೆ ಭೇಟಿಯಾದಾಗ ಮೊದಲನೆಯವಳು ಪ್ರತಿ ಮಾತಿಗೂ ಮುಂಚೆ ತಡೆದು ಯೋಚಿಸುತ್ತಾಳೆ. ಎರಡನೆಯವಳು ಕೂರುವ ಮೊದಲು ಬಾಗಿಲನ್ನು ಮೂರು ಸಲ ನೋಡುತ್ತಾಳೆ. ಯಾರೂ ಇದನ್ನು ಅವರಿಗೆ ಕಲಿಸಿರಲಿಲ್ಲ.

ಇದು ಆಗದ ಮಾತು ಅನ್ನುತ್ತೀರಿ. ನಾನು ಒಪ್ಪುವುದಿಲ್ಲ. ಯಾಕೆಂದರೆ ನಿಜವಾದ ಅವಳಿ ಯಂತ್ರಗಳ ಕಥೆಯೊಂದು ನಮ್ಮ ಕಣ್ಣೆದುರೇ ನಡೆದಿದೆ.

2004ರ ಜನವರಿಯಲ್ಲಿ ನಾಸಾದ ಎರಡು ರೋವರ್‌ಗಳು, ಅಂದರೆ ಗಾಲಿಯ ಮೇಲೆ ಓಡಾಡುವ ಯಂತ್ರಗಳು, ಮಂಗಳ ಗ್ರಹದ ಮೇಲೆ ಇಳಿದವು. 4ನೇ ತಾರೀಖು ಸ್ಪಿರಿಟ್, 25ಕ್ಕೆ ಆಪರ್ಚುನಿಟಿ. ಒಂದೇ ವಿನ್ಯಾಸ, ತಲಾ ಆರು ಗಾಲಿ, ಅವೇ ಉಪಕರಣಗಳು. ಎರಡಕ್ಕೂ ಕೊಟ್ಟ ಅವಧಿ ಮಂಗಳನ ಲೆಕ್ಕದಲ್ಲಿ 90 ದಿನ. ಇಳಿದ ಜಾಗ ಮಾತ್ರ ಬೇರೆ. ಒಂದು ಗ್ರಹದ ಈ ಕಡೆ, ಇನ್ನೊಂದು ಆ ಕಡೆ.

ಆಪರ್ಚುನಿಟಿ ಹೋಗಿ ನಿಂತದ್ದು ಒಂದು ಸಣ್ಣ ಕುಳಿಯೊಳಗೆ. ಕಣ್ಣು ಬಿಟ್ಟರೆ ಎದುರಿಗೇ ಪದರ ಪದರವಾದ ಕಲ್ಲು, ವಿಜ್ಞಾನಿಗಳು ಹುಡುಕುತ್ತಿದ್ದ ವಸ್ತುವೇ. ಸ್ಪಿರಿಟ್‌ಗೆ ಸಿಕ್ಕಿದ್ದು ಲಾವಾ ಬಯಲು. ಇಳಿದ ಮೂರನೇ ವಾರದಲ್ಲೇ ಅದರ ನೆನಪಿನ ಭಾಗ ಕೈಕೊಟ್ಟಿತು. ಅದನ್ನು ಇಲ್ಲಿಂದಲೇ ಸರಿಮಾಡಿದರು. ಆಮೇಲೆ ದೂರದ ಗುಡ್ಡದವರೆಗೆ ತಿಂಗಳುಗಟ್ಟಲೆ ಓಡಿಸಿದರು. 2006ರಲ್ಲಿ ಮುಂದಿನ ಬಲಗಾಲಿ ನಿಂತೇಹೋಯಿತು. ಅಂದಿನಿಂದ ಸ್ಪಿರಿಟ್ ಹಿಮ್ಮುಖವಾಗಿ ಚಲಿಸಿತು, ಸತ್ತ ಗಾಲಿಯನ್ನು ಎಳೆಯುತ್ತಾ. ಆ ಗಾಲಿ ನೆಲವನ್ನು ಗೀರುತ್ತಾ ಹೋಯಿತು. 2007ರಲ್ಲಿ ಅಂಥ ಒಂದು ಗೀರಿನಲ್ಲಿ ಬೆಳ್ಳನೆಯ ಮಣ್ಣು ಮೇಲೆದ್ದಿತು. ನೋಡಿದರೆ ಹೆಚ್ಚುಕಡಿಮೆ ಶುದ್ಧ ಸಿಲಿಕಾ, ಗಾಜು ಮಾಡುವ ವಸ್ತು. ಹಿಂದೊಮ್ಮೆ ಅಲ್ಲಿ ಬಿಸಿನೀರೋ ಹಬೆಯೋ ಇತ್ತು ಎನ್ನುವುದಕ್ಕೆ ಸಾಕ್ಷಿ. ಗಾಲಿ ಚೆನ್ನಾಗಿ ತಿರುಗಿದ್ದರೆ ಆ ಮಣ್ಣು ಹೊರಗೆ ಬರುತ್ತಿರಲಿಲ್ಲ.

ಅದೃಷ್ಟವಂತ ಆಪರ್ಚುನಿಟಿಗೂ ಒಂದು ಕಾಟ ಇತ್ತು. ತೋಳಿನ ಹೀಟರ್‌ನ ಸ್ವಿಚ್ಚು ಆಫ್ ಆಗುತ್ತಿರಲಿಲ್ಲ. ರಾತ್ರಿಯಿಡೀ ಸುಮ್ನೆ ಬ್ಯಾಟರಿ ಖಾಲಿ. ಹಾಗಾಗಿ ರಾತ್ರಿ ವಿದ್ಯುತ್ತನ್ನೇ ಕಡಿದು ಇಡೀ ರೋವರನ್ನು ಗಾಢನಿದ್ದೆಗೆ ಕಳಿಸುವ ರೂಢಿ ಮಾಡಿದರು. ಅವಳಿಯಲ್ಲಿ ಒಂದು ಕುಂಟುತ್ತಾ ಹಿಂದಕ್ಕೆ ನಡೆಯುವುದು, ಇನ್ನೊಂದು ರಾತ್ರಿ ಸತ್ತಂತೆ ಮಲಗುವುದು. ಜೊತೆಗಿದ್ದ ಎಂಜಿನಿಯರುಗಳು ಇವುಗಳ ಬಗ್ಗೆ ಎರಡು ಬೇರೆ ಬೇರೆ ಗುಣದ ಮಕ್ಕಳ ಬಗ್ಗೆ ಆಡುವ ಹಾಗೆ ಮಾತಾಡುತ್ತಿದ್ದರು. ಸ್ಪಿರಿಟ್ 2009ರಲ್ಲಿ ಮರಳಲ್ಲಿ ಹೂತುಕೊಂಡಿತು. 2010ರ ಮಾರ್ಚ್ ನಂತರ ಅದರ ದನಿ ಇಲ್ಲ. ಆಪರ್ಚುನಿಟಿ 2018ರ ಜೂನ್‌ವರೆಗೂ ಬದುಕಿತು, 45 ಕಿಲೋಮೀಟರ್ ನಡೆಯಿತು.

ಮನಸ್ಸು ಇತ್ತಾ ಅವಕ್ಕೆ? ಇಲ್ಲ. ಇಲ್ಲಿ ನಿಮ್ಮ ಮಾತು ಸರಿ, ಮಕ್ಕಳಿಗೂ ಹಾಗೆಯೇ ಹೇಳಿ. ಆದರೆ ಸ್ವಭಾವ ಬೇರೆ, ಮನಸ್ಸು ಬೇರೆ. ಬಿದ್ದ ಜಾಗ, ಆದ ಗಾಯ, ಆ ಗಾಯವನ್ನು ಸಂಭಾಳಿಸಲು ಹಿಡಿದ ದಾರಿ, ಇವೆಲ್ಲ ಸೇರಿ ಒಂದು ನಡೆ ಗಟ್ಟಿಯಾಗುತ್ತದೆ. ಅಚ್ಚಿನಲ್ಲಿ ಅದು ಇರುವುದಿಲ್ಲ.

ಮತ್ತೆ, ರೋವರ್‌ಗಳನ್ನು ನಡೆಸಿದ್ದು ಬಹುಪಾಲು ಮನುಷ್ಯರೇ. ನಮ್ಮ ಕಥೆಯ ಅವಳಿಗಳು ತಾವೇ ಕಲಿಯುವ ಯಂತ್ರಗಳು. ಇವತ್ತಿನ ಕಲಿಯುವ ಕಂಪ್ಯೂಟರುಗಳನ್ನೇ ನೋಡಿ. ಶುರುವಿನಲ್ಲಿ ಅವುಗಳ ಒಳಗೆ ಲಕ್ಷಗಟ್ಟಲೆ ಅಂಕಿಗಳನ್ನು ಮನಬಂದಂತೆ ತುಂಬುತ್ತಾರೆ. ಆಮೇಲೆ ಒಂದೊಂದೇ ಉದಾಹರಣೆ ತೋರಿಸುತ್ತಾ ಅಂಕಿಗಳನ್ನು ತಿದ್ದುತ್ತಾರೆ. ಶುರುವಿನ ಅಂಕಿಗಳು ಬೇರೆಯಾದರೆ ಅಥವಾ ಉದಾಹರಣೆಗಳ ಸರದಿ ಬದಲಾದರೆ ಸಾಕು. ಹಾಗೆ ಕಲಿತ ಎರಡು ಕಂಪ್ಯೂಟರುಗಳು ಒಂದೇ ಪರೀಕ್ಷೆಯಲ್ಲಿ ಅಷ್ಟಷ್ಟೇ ಅಂಕ ತೆಗೆಯಬಹುದು, ಆದರೆ ತಪ್ಪುವುದು ಬೇರೆ ಬೇರೆ ಪ್ರಶ್ನೆಗಳಲ್ಲಿ. ಎಂಟು ತಿಂಗಳು ಒಬ್ಬ ಮುದುಕರ ಪಕ್ಕ ಕೂತವಳು ಕಾಯುವುದನ್ನು ಕಲಿತಳು ಎಂದರೆ ನನಗೆ ಅದು ಸುಳ್ಳು ಅನ್ನಿಸುವುದಿಲ್ಲ.

ಒಂದು ತಪ್ಪು ನಮ್ಮದು. ಲಾರಿ ಎತ್ತುವ ಸಾಹಸಕ್ಕೆ ಎರಡು ಪುಟ ಕೊಟ್ಟೆವು. ಆ ಎಂಟು ತಿಂಗಳನ್ನು ಜಾಗ ಸಾಲದೆ ಒಂದು ಪ್ಯಾರಾಕ್ಕೆ ಇಳಿಸಿದೆವು. ಹಸ್ತಪ್ರತಿಯಲ್ಲಿ ಅದು ಮೂರು ಪುಟ ಇತ್ತು. ಶಕ್ತಿಯಲ್ಲಿ ಇಬ್ಬರೂ ಒಂದೇ, ಅದನ್ನು ಅಷ್ಟು ಹೊತ್ತು ನೋಡಿ ಏನು ಸಿಗುತ್ತದೆ? ಕತ್ತರಿಸಬೇಕಾದದ್ದು ಲಾರಿಯನ್ನು. ನಿಮ್ಮ ಅನುಮಾನಕ್ಕೆ ಅರ್ಧ ಕಾರಣ ನಮ್ಮ ಕತ್ತರಿಯೇ.

ಇನ್ನು ನಿಮ್ಮ ಪತ್ರದ ಕೊನೆಯ ಪುಟ. ಎರಡೂ ಮಗ್ಗ ಒಂದೇ ಕಂಪನಿಯವು, ಒಂದೇ ದಿನ ತಂದವು ಎಂದು ಬರೆದಿದ್ದೀರಿ. ಅದರ ಕೆಳಗೇ, ಬೇರೆ ಏನನ್ನೋ ಹೇಳುತ್ತಾ ಹೀಗೆ ಬರೆದಿದ್ದೀರಿ: "ಕಿಡಕಿ ಬಾಜುಕಿನ ಮಗ್ಗ ಬ್ಯಾಸಗಿಯಾಗ ಭಾಳ ಕಾಡತೈತಿ. ಅದು ನಮ್ಮಾಕಿ ಕೈಗೆ ಬಗ್ಗತೈತಿ, ನನ್ನ ಕೈಗೆ ಬಗ್ಗಂಗಿಲ್ಲ." ಕಿಟಕಿಯ ಒಣಗಾಳಿಗೆ ನೂಲು ಒಣಗಿ ಹಾಸಿನ ಎಳೆ ಹರಿಯುತ್ತಿರಬೇಕು. ಹರಿಯದ ಹಾಗೆ ನಿಮ್ಮಾಕೆ ಬಿಗಿಯನ್ನು ಸ್ವಲ್ಪ ಸ್ವಲ್ಪವೇ ಹೊಂದಿಸುತ್ತಾ ಬಂದಿರಬೇಕು. ಇಷ್ಟು ವರ್ಷ ಹಾಗೆ ನಡೆದ ಮಗ್ಗ ಗೋಡೆ ಪಕ್ಕದ ಮಗ್ಗದಂತೆ ಹೇಗೆ ಉಳಿದೀತು?

ಕಥೆ ಬರೆದ ಹುಡುಗಿ ಹಾವೇರಿಯವಳು. ನಿಮ್ಮ ಪತ್ರ ತೋರಿಸಿದೆ. ಕತ್ತರಿಸಿದ ಮೂರು ಪುಟ ಮುಂದಿನ ಸಂಚಿಕೆಯಲ್ಲಿ ಬರುತ್ತವೆ. ಅದಕ್ಕೂ ಮುಂಚೆ ಅವಳು ಬೆಟಗೇರಿಗೆ ಬಂದು ಕಿಟಕಿ ಪಕ್ಕದ ಮಗ್ಗ ನೋಡಬೇಕಂತೆ, ನಿಮ್ಮಾಕೆಯ ಕೈ ಹೇಗೆ ಓಡುತ್ತದೆ ನೋಡಬೇಕಂತೆ. ಯಾವತ್ತು ಬಂದರೆ ಅನುಕೂಲ ಎಂದು ಒಂದು ಕಾರ್ಡು ಹಾಕಿ.

ನಿಮ್ಮವ,
ಸಂಪಾದಕ, ಧಾರವಾಡ